(2ನ)! ÷ (4^ನ × ನ! × ನ!): ರೇಶಿಯೋ 1 ಬಂದಿದೆ, ಕನ್ವರ್ಜ್ ಆಗುತ್ತದಾ ಡೈವರ್ಜ್ ಆಗುತ್ತದಾ?

ಹಾಸನದ_ಬಿಎಸ್ಸಿ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಸೀಕ್ವೆನ್ಸ್ (ಸಂಖ್ಯೆಗಳ ಸಾಲು) ಪಾಠದಲ್ಲಿ ಒಂದು ಲೆಕ್ಕ ಇದೆ (ನ! ಅಂದರೆ ನ ಫ್ಯಾಕ್ಟೋರಿಯಲ್, 1 × 2 × ... × ನ):

ಬ(ನ) = (2ನ)! ÷ (4^ನ × ನ! × ನ!)

ನ ದೊಡ್ಡದಾಗುತ್ತಾ ಹೋದರೆ ಇದು ಕನ್ವರ್ಜ್ ಆಗುತ್ತದಾ (ಒಂದು ನಿಶ್ಚಿತ ಸಂಖ್ಯೆಗೆ, ಅಂದರೆ ಲಿಮಿಟ್‌ಗೆ, ಹತ್ತಿರವಾಗುತ್ತಾ ಹೋಗುತ್ತದಾ), ಡೈವರ್ಜ್ ಆಗುತ್ತದಾ (ಹಾಗೆ ಆಗುವುದಿಲ್ಲವಾ)? ಕನ್ವರ್ಜ್ ಆದರೆ ಲಿಮಿಟ್ ಎಷ್ಟು?

ಇದರ ಹಿಂದಿನ ಲೆಕ್ಕ ನ! ÷ ನ^ನ. ಅದು ಬಂತು. ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿದರೆ ಬರುವ ರೇಶಿಯೋ (ನ/(ನ+1))^ನ. ಅದರ ಲಿಮಿಟ್ 1/ಇ (ಇ ಸುಮಾರು 2.718), ಅಂದರೆ ಸುಮಾರು 0.368. ಒಂದಕ್ಕಿಂತ ಕಡಿಮೆ. ಹಾಗಾಗಿ ಸೀಕ್ವೆನ್ಸ್ ಸೊನ್ನೆಗೆ ಹೋಗುತ್ತದೆ.

ಇಲ್ಲೂ ಹಾಗೇ ಮಾಡಿದೆ. ರೇಶಿಯೋ (2ನ+1)/(2ನ+2) ಬಂತು. ಲಿಮಿಟ್ 1. ರೇಶಿಯೋ 1 ಬಂದರೆ ಟೆಸ್ಟ್ ಏನೂ ಹೇಳುವುದಿಲ್ಲ ಅಂತ ನೋಟ್ಸ್‌ನಲ್ಲಿದೆ, ಆಮೇಲೆ ಏನು ಮಾಡಬೇಕು ಅಂತ ಇಲ್ಲ. ಕ್ಯಾಲ್ಕುಲೇಟರ್‌ನಲ್ಲಿ ನ = 34 ತನಕ ಉತ್ತರ ಬರುತ್ತದೆ, 35 ಹಾಕಿದ ಕೂಡಲೇ ಎರರ್. ಎರರ್ ಬಂದರೆ ಡೈವರ್ಜ್ ಅಂತ ತಗೋಬಹುದಾ ಅಂತ ನನ್ನ ರೂಮ್‌ಮೇಟ್ ಕೇಳುತ್ತಿದ್ದಾನೆ.

ಕೋಡ್_ಬರೆಯುವವ

ಕ್ಯಾಲ್ಕುಲೇಟರ್ ವಿಷಯ ಮೊದಲು ಮುಗಿಸೋಣ. ಆ ಎರರ್‌ಗೂ ನಿಮ್ಮ ಸೀಕ್ವೆನ್ಸ್‌ಗೂ ಸಂಬಂಧ ಇಲ್ಲ. ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗೆ 10^100 ತನಕ ಮಾತ್ರ ಜಾಗ ಇರುತ್ತದೆ. 69! ಅಂದರೆ ಸುಮಾರು 1.71 × 10^98, ಅದು ಹಿಡಿಸುತ್ತದೆ. 70! ಆ ಗೆರೆ ದಾಟುತ್ತದೆ. ನ = 35 ಅಂದರೆ ಅಂಶದಲ್ಲಿ 70! ಬೇಕು, ಅದಕ್ಕೇ ಅಲ್ಲಿ ನಿಂತಿದೆ. ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಇದೇ ಕಥೆ 170! ತನಕ ಎಳೆಯುತ್ತದೆ, 171!ಕ್ಕೆ ಎರರ್.

ಇಂಥ ಲೆಕ್ಕದಲ್ಲಿ ಫ್ಯಾಕ್ಟೋರಿಯಲ್ ಲೆಕ್ಕ ಹಾಕುವ ಗೋಜಿಗೇ ಹೋಗಬೇಡಿ. ರೇಶಿಯೋ ನಿಮ್ಮ ಕೈಯಲ್ಲೇ ಇದೆ. ಬ(1) = 1/2. ಅದನ್ನು 3/4ರಿಂದ ಗುಣಿಸಿದರೆ ಬ(2). ಆಮೇಲೆ 5/6, ಆಮೇಲೆ 7/8. ಹೀಗೆ ಎಷ್ಟು ದೂರ ಬೇಕಾದರೂ ಹೋಗಬಹುದು, ಎಲ್ಲೂ ದೊಡ್ಡ ಸಂಖ್ಯೆ ಬರುವುದೇ ಇಲ್ಲ. ನಾನು ಓಡಿಸಿ ನೋಡಿದೆ:

ನ = 1: 0.5
ನ = 2: 0.375
ನ = 3: 0.3125
ನ = 5: 0.2461
ನ = 10: 0.1762
ನ = 50: 0.0796
ನ = 100: 0.0563

ಇಳಿಯುತ್ತಿದೆ, ಆದರೆ ಬಹಳ ನಿಧಾನ. ಹೋಲಿಸಿ ನೋಡಿ: ನ! ÷ ನ^ನ ನಲ್ಲಿ ನ = 10ಕ್ಕೇ 0.00036 ಆಗಿಬಿಡುತ್ತದೆ.

ಸಂಜೆ_ಓದು

ರೇಶಿಯೋ 1ಕ್ಕೆ ಹೋಗುತ್ತದೆ ಅಂದರೆ ಮುಂದೆ ಮುಂದೆ ಪ್ರತಿ ಪದವೂ ಹಿಂದಿನ ಪದದಷ್ಟೇ ಇರುತ್ತದೆ, ಅಲ್ವಾ? ಅಂದರೆ ಇಳಿಯುವುದು ಎಲ್ಲೋ ಒಂದು ಕಡೆ ನಿಲ್ಲಬೇಕು. 0.05 ಅಥವಾ 0.04ರ ಆಸುಪಾಸಿನಲ್ಲಿ ಲಿಮಿಟ್ ಇರಬಹುದು ಅನ್ನಿಸುತ್ತದೆ.

ಗಣಿತ_ಮೇಡಂ

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಬಿಡಿಸಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಮೊದಲನೆಯದು: ಕನ್ವರ್ಜ್ ಆಗುತ್ತದಾ? ಆಗುತ್ತದೆ. ಇದಕ್ಕೆ ರೇಶಿಯೋದ ಲಿಮಿಟ್ ಬೇಕಾಗಿಯೇ ಇಲ್ಲ. (2ನ+1)/(2ನ+2) ಯಾವಾಗಲೂ 1ಕ್ಕಿಂತ ಕಡಿಮೆ. ಆದ್ದರಿಂದ ಸೀಕ್ವೆನ್ಸ್ ಇಳಿಯುತ್ತಲೇ ಇರುತ್ತದೆ. ಎಲ್ಲ ಪದಗಳೂ ಪಾಸಿಟಿವ್, ಸೊನ್ನೆಗಿಂತ ಕೆಳಗೆ ಹೋಗಲು ಸಾಧ್ಯವಿಲ್ಲ. ಇಳಿಯುವ ಮತ್ತು ಕೆಳಗೆ ತಡೆ ಇರುವ ಸೀಕ್ವೆನ್ಸ್ ಕನ್ವರ್ಜ್ ಆಗಲೇಬೇಕು. ಎರಡು ಸಾಲಿನ ಉತ್ತರ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುವಂಥದ್ದು.

ಎರಡನೆಯದು: ಲಿಮಿಟ್ ಎಷ್ಟು? ಇಲ್ಲಿ ಸ್ವಲ್ಪ ಕೆಲಸ ಇದೆ.

ಸಂಜೆ_ಓದು ಅವರೇ, ನಿಮ್ಮ ಯೋಚನೆ ತುಂಬಾ ಜನರಿಗೆ ಬರುತ್ತದೆ, ಹಾಗಾಗಿ ನೇರವಾಗಿ ಹೇಳುತ್ತೇನೆ. 1/ನ ತಗೊಳ್ಳಿ. ರೇಶಿಯೋ ನ/(ನ+1), ಲಿಮಿಟ್ 1. ಆದರೆ ಸೀಕ್ವೆನ್ಸ್ ಸೊನ್ನೆಗೆ ಹೋಗುತ್ತದೆ. ಈಗ ಬರೀ ನ ತಗೊಳ್ಳಿ: 1, 2, 3, 4... ರೇಶಿಯೋ (ನ+1)/ನ, ಲಿಮಿಟ್ ಮತ್ತೆ 1. ಸೀಕ್ವೆನ್ಸ್ ಅನಂತಕ್ಕೆ ಹೋಗುತ್ತದೆ. 5 + 1/ನ ತಗೊಂಡರೂ ರೇಶಿಯೋದ ಲಿಮಿಟ್ 1, ಸೀಕ್ವೆನ್ಸ್ ಹೋಗುವುದು 5ಕ್ಕೆ. ಮೂರಕ್ಕೂ ಲಿಮಿಟ್ ಒಂದೇ, ಮೂರರ ಗತಿ ಬೇರೆ ಬೇರೆ. ಒಂದೊಂದು ಹೆಜ್ಜೆಯ ಇಳಿತ ಚಿಕ್ಕದಾದರೂ ಹೆಜ್ಜೆಗಳಿಗೆ ಕೊನೆ ಇಲ್ಲ. ಎಲ್ಲ ಸೇರಿ ಎಷ್ಟಾಗುತ್ತದೆ ಅನ್ನುವುದೇ ಮುಖ್ಯ.

ಈಗ ಲಿಮಿಟ್. ಕೋಡ್_ಬರೆಯುವವ ಹೇಳಿದ ಹಾಗೆ

ಬ(ನ) = 1/2 × 3/4 × 5/6 × ... × (2ನ−1)/2ನ

ಇದರ ಪಕ್ಕದಲ್ಲಿ ಇನ್ನೊಂದು ಗುಣಲಬ್ಧ ಬರೆಯಿರಿ:

ಚ(ನ) = 2/3 × 4/5 × 6/7 × ... × 2ನ/(2ನ+1)

1/2ಕ್ಕಿಂತ 2/3 ದೊಡ್ಡದು. 3/4ಕ್ಕಿಂತ 4/5 ದೊಡ್ಡದು. ಹೀಗೆ ಪ್ರತಿ ಜೋಡಿಯಲ್ಲೂ ಚ ಕಡೆಯದೇ ದೊಡ್ಡದು. ಹಾಗಾಗಿ ಬ(ನ) < ಚ(ನ). ಈಗ ಎರಡನ್ನೂ ಗುಣಿಸಿ: 1/2 × 2/3 × 3/4 × 4/5 × ... ಮಧ್ಯದ್ದೆಲ್ಲ ಹೊಡೆದು ಹೋಗುತ್ತದೆ, ಉಳಿಯುವುದು 1/(2ನ+1).

ಬ(ನ)² < ಬ(ನ) × ಚ(ನ) = 1/(2ನ+1)

ಅಂದರೆ ಬ(ನ) < 1/√(2ನ+1). ಬಲಗಡೆ ಸೊನ್ನೆಗೆ ಹೋಗುತ್ತದೆ. ಎಡಗಡೆಯೂ ಅದರ ಜೊತೆ ಹೋಗಲೇಬೇಕು. ಲಿಮಿಟ್ ಸೊನ್ನೆ.

ಹಾಸನದ_ಬಿಎಸ್ಸಿ

ಮೇಡಂ, ತುಂಬಾ ಥ್ಯಾಂಕ್ಸ್. ಪ್ರತಿ ಸಾಲೂ ಅರ್ಥವಾಯಿತು. ಆದರೆ ಚ(ನ) ಬರೆಯಬೇಕು ಅಂತ ನನಗೆ ತಾನಾಗಿ ಹೊಳೆಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಬೇರೆ ಸೀಕ್ವೆನ್ಸ್ ಕೊಟ್ಟು ರೇಶಿಯೋ 1 ಬಂದರೆ ಏನು ಮಾಡಲಿ? ಪ್ರತಿ ಸಲ ಹೊಸ ಉಪಾಯ ಹುಡುಕಬೇಕಾ?

ಬಳ್ಳಾರಿ_ಜ್ಯಾಮ್_ತಯಾರಿ

ಸ್ಟರ್ಲಿಂಗ್ ಸೂತ್ರ ಹಾಕಿ, ಒಂದೇ ಸಾಲಲ್ಲಿ ಮುಗಿಯುತ್ತದೆ. ನ! ಜಾಗದಲ್ಲಿ (ನ/ಇ)^ನ ಹಾಕಿ. ನಾನು ಐಐಟಿ ಜ್ಯಾಮ್‌ಗೆ (ಎಂಎಸ್ಸಿ ಪ್ರವೇಶ ಪರೀಕ್ಷೆ) ಓದುವಾಗ ಇದನ್ನೇ ಮಾಡುತ್ತೇನೆ.

ಗಣಿತ_ಮೇಡಂ

ಸ್ಟರ್ಲಿಂಗ್ ಒಳ್ಳೆಯ ದಾರಿ. ಆದರೆ ನೀವು ಬರೆದ ಹಾಗೆ ಅರ್ಧ ಸೂತ್ರ ಹಾಕಿದರೆ ಈ ಲೆಕ್ಕದಲ್ಲೇ ಉತ್ತರ ತಪ್ಪುತ್ತದೆ. ಹಾಕಿ ನೋಡಿ. ಮೇಲೆ (2ನ/ಇ)^(2ನ). ಕೆಳಗೆ 4^ನ × (ನ/ಇ)^(2ನ). ಎಲ್ಲವೂ ಹೊಡೆದು ಹೋಗಿ 1 ಉಳಿಯುತ್ತದೆ. ಲಿಮಿಟ್ 1 ಅಂದಂತಾಯಿತು. ಆದರೆ ಅದು ಸೊನ್ನೆ.

ಪೂರ್ತಿ ಸೂತ್ರದಲ್ಲಿ ಮುಂದೆ √(2 ಪೈ ನ) ಇದೆ. ಅದನ್ನೂ ಹಾಕಿದರೆ ಮೇಲೆ √(4 ಪೈ ನ), ಕೆಳಗೆ 2 ಪೈ ನ. ಉಳಿಯುವುದು 1/√(ಪೈ ನ). ಈಗ ಲಿಮಿಟ್ ಸೊನ್ನೆ ಅಂತ ಸರಿಯಾಗಿ ಬಂತು, ಎಷ್ಟು ವೇಗದಲ್ಲಿ ಹೋಗುತ್ತದೆ ಅಂತಲೂ ಗೊತ್ತಾಯಿತು. ನ! ÷ ನ^ನ ಥರದ ಲೆಕ್ಕದಲ್ಲಿ ಆ ವರ್ಗಮೂಲ ಬಿಟ್ಟರೂ ಉತ್ತರ ಕೆಡುವುದಿಲ್ಲ, ಯಾಕಂದರೆ ಅಲ್ಲಿ ರೇಶಿಯೋ 1ರಿಂದ ದೂರ ಇದೆ. ರೇಶಿಯೋ 1 ಬರುವ ಲೆಕ್ಕಗಳಲ್ಲಿ ಆ ವರ್ಗಮೂಲವೇ ತೀರ್ಪು ಕೊಡುವುದು.

ಕೋಡ್_ಬರೆಯುವವ

1/√(ಪೈ ನ) ಎಷ್ಟು ಹತ್ತಿರ ಬರುತ್ತದೆ ಅಂತ ನೋಡಿದೆ. ನ = 100ಕ್ಕೆ 0.0564. ನಿಜವಾದ ಬೆಲೆ 0.0563. ಇದೇ ಸೂತ್ರದ ಪ್ರಕಾರ ಬ(ನ) 0.001ಕ್ಕಿಂತ ಕೆಳಗೆ ಇಳಿಯಲು ನ ಸುಮಾರು 3,18,000 ದಾಟಬೇಕು. ಸಂಜೆ_ಓದು ಅವರಿಗೆ ಎಲ್ಲೋ ನಿಲ್ಲುತ್ತದೆ ಅನ್ನಿಸಿದ್ದು ಅದಕ್ಕೇ ಇರಬೇಕು. ಪರದೆ ಮೇಲೆ ನೂರು ಪದ ನೋಡಿ ಇದರ ಲಿಮಿಟ್ ಊಹಿಸಲು ಆಗುವುದಿಲ್ಲ.

ನಾಣ್ಯ_ಚಿಮ್ಮು

ಈ ಸೀಕ್ವೆನ್ಸ್ ಕಂಡರೆ ಸುಮ್ನೆ ಇರಲು ಆಗುವುದಿಲ್ಲ. ನನ್ನ ಕೆಲಸ ಸ್ಟ್ಯಾಟಿಸ್ಟಿಕ್ಸ್, ಬ(ನ) ನಮಗೆ ದಿನಾ ಸಿಗುವ ಸಂಖ್ಯೆ. ನಾಣ್ಯವನ್ನು 2ನ ಸಲ ಚಿಮ್ಮಿದರೆ ಸರಿಯಾಗಿ ಅರ್ಧ ಹೆಡ್, ಅರ್ಧ ಟೇಲ್ ಬೀಳುವ ಸಂಭವನೀಯತೆಯೇ ಬ(ನ). ಎರಡು ಸಲ ಚಿಮ್ಮಿದರೆ 1/2. ನಾಲ್ಕು ಸಲ ಚಿಮ್ಮಿದರೆ 16ರಲ್ಲಿ 6, ಅಂದರೆ 0.375. ನೂರು ಸಲ ಚಿಮ್ಮಿ ಸರಿಯಾಗಿ 50 ಹೆಡ್ ಬೀಳುವುದು 0.08ರಷ್ಟು ಮಾತ್ರ.

ಜಾಸ್ತಿ ಚಿಮ್ಮಿದಷ್ಟೂ ಹೆಡ್ ಟೇಲ್ ಸಮ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಮ ಆಗುವುದು ಶೇಕಡಾವಾರು ಲೆಕ್ಕದಲ್ಲಿ. ಕರಾರುವಾಕ್ಕಾಗಿ ಸಮ ಆಗುವ ಸಾಧ್ಯತೆ ಕಡಿಮೆಯಾಗುತ್ತಾ ಸೊನ್ನೆಗೆ ಹೋಗುತ್ತದೆ. ಮೇಡಂ ತೋರಿಸಿದ್ದು ಅದನ್ನೇ.

ಹಾಸನದ ತಮ್ಮಾ, ಇನ್ನೊಂದು ವಿಷಯ. ಮುಂದಿನ ಪಾಠದಲ್ಲಿ ಸೀರೀಸ್ ಬಂದಾಗ ಗೊಂದಲ ಮಾಡಿಕೊಳ್ಳಬೇಡಿ. ಬ(ನ) ಅನ್ನುವ ಸೀಕ್ವೆನ್ಸ್ ಸೊನ್ನೆಗೆ ಕನ್ವರ್ಜ್ ಆಗುತ್ತದೆ. ಆದರೆ ಬ(1) + ಬ(2) + ಬ(3) + ... ಅಂತ ಕೂಡಿದರೆ ಆ ಸೀರೀಸ್ ಡೈವರ್ಜ್ ಆಗುತ್ತದೆ. ಒಂದೇ ಸಂಖ್ಯೆಗಳು, ಪ್ರಶ್ನೆ ಬೇರೆ, ಉತ್ತರ ಬೇರೆ.

ಸಂಜೆ_ಓದು

ಡೈವರ್ಜ್ ಆಗುತ್ತದೆ ಅಂತ ಹೇಗೆ ಗೊತ್ತು? ಬ(ನ) < 1/√(2ನ+1) ಅನ್ನುವುದು ಮೇಲಿನ ಮಿತಿ. ಡೈವರ್ಜ್ ತೋರಿಸಲು ಕೆಳಗಿನ ಮಿತಿ ಬೇಕಲ್ವಾ?

ಗಣಿತ_ಮೇಡಂ

ಸರಿಯಾದ ಪ್ರಶ್ನೆ. ಅದೇ ಉಪಾಯವನ್ನು ಇನ್ನೊಂದು ಕಡೆಯಿಂದ ಮಾಡಬೇಕು. ಮೊದಲ 1/2ನ್ನು ಹಾಗೇ ಬಿಡಿ. 3/4 ಜಾಗದಲ್ಲಿ ಅದಕ್ಕಿಂತ ಚಿಕ್ಕ 2/3 ಹಾಕಿ, 5/6 ಜಾಗದಲ್ಲಿ 4/5 ಹಾಕಿ, ಹೀಗೆ ಕೊನೆ ತನಕ. ಇದು ಬ(ನ)ಗಿಂತ ದೊಡ್ಡದಲ್ಲ. ಇದನ್ನು ಬ(ನ)ಯಿಂದ ಗುಣಿಸಿದರೆ ಮತ್ತೆ ಎಲ್ಲ ಹೊಡೆದು ಹೋಗಿ 1/(4ನ) ಉಳಿಯುತ್ತದೆ. ಹಾಗಾಗಿ ಬ(ನ)² ≥ 1/(4ನ), ಅಂದರೆ ಬ(ನ) ≥ 1/(2√ನ).

1/√ನ ಗಳನ್ನು ಕೂಡಿದರೆ ಮೊತ್ತಕ್ಕೆ ಮಿತಿ ಇಲ್ಲ. ಮೊದಲ ನ ಪದಗಳಲ್ಲಿ ಪ್ರತಿಯೊಂದೂ ಕಡೇ ಪಕ್ಷ 1/√ನ ಇರುವುದರಿಂದ ಮೊತ್ತ √ನ ಗಿಂತ ಕಡಿಮೆ ಆಗುವುದಿಲ್ಲ. ಆದ್ದರಿಂದ ನಮ್ಮ ಸೀರೀಸ್ ಡೈವರ್ಜ್.

ನಾಣ್ಯ_ಚಿಮ್ಮು

ಇದಕ್ಕೆ ಒಂದು ಸುಂದರವಾದ ಅರ್ಥ ಇದೆ. ಒಬ್ಬ ಮನುಷ್ಯ ನೇರ ರಸ್ತೆಯಲ್ಲಿ ನಿಂತು, ಹೆಡ್ ಬಿದ್ದರೆ ಒಂದು ಹೆಜ್ಜೆ ಮುಂದೆ, ಟೇಲ್ ಬಿದ್ದರೆ ಒಂದು ಹೆಜ್ಜೆ ಹಿಂದೆ ಇಡುತ್ತಾನೆ ಅಂದುಕೊಳ್ಳಿ. 2ನ ಹೆಜ್ಜೆ ಆದಮೇಲೆ ಅವನು ಹೊರಟ ಜಾಗದಲ್ಲೇ ಇರುವ ಸಂಭವನೀಯತೆ ಬ(ನ). ಆ ಸೀರೀಸ್ ಡೈವರ್ಜ್ ಆಗುತ್ತದೆ ಅಂದರೆ ಅವನು ಹೊರಟ ಜಾಗಕ್ಕೆ ಖಂಡಿತ ವಾಪಸ್ ಬರುತ್ತಾನೆ, ಅದೂ ಮತ್ತೆ ಮತ್ತೆ.

ಚೌಕಚೌಕವಾದ ಬೀದಿಗಳ ಊರಿನಲ್ಲಿ ನಾಲ್ಕು ದಿಕ್ಕಿಗೂ ಹೀಗೆ ಅಲೆದರೆ ಸಂಭವನೀಯತೆ ಬ(ನ)² ಆಗುತ್ತದೆ, ಹತ್ತಿರ ಹತ್ತಿರ 1/(ಪೈ ನ). ಆ ಸೀರೀಸ್ ಕೂಡ ಡೈವರ್ಜ್, ಅಲ್ಲೂ ವಾಪಸ್ ಬರುತ್ತಾನೆ. ಮೇಲೆ ಕೆಳಗೆ ಚಲನೆಯೂ ಸೇರಿ ಮೂರು ಆಯಾಮ ಆದರೆ ಪದಗಳು 1/(ನ√ನ) ವೇಗದಲ್ಲಿ ಇಳಿಯುತ್ತವೆ. ಅದನ್ನು ಕೂಡಿದರೆ ಕನ್ವರ್ಜ್ ಆಗುತ್ತದೆ. ಅಲ್ಲಿ ವಾಪಸ್ ಬರುವ ಸಾಧ್ಯತೆ ಸುಮಾರು 0.34 ಮಾತ್ರ. 1921ರಲ್ಲಿ ಜಾರ್ಜ್ ಪೋಲ್ಯ ಇದನ್ನು ತೋರಿಸಿದರು. ಫ್ಯಾಕ್ಟೋರಿಯಲ್‌ಗಳ ಒಂದು ಸೀಕ್ವೆನ್ಸ್ ಎಷ್ಟು ವೇಗದಲ್ಲಿ ಇಳಿಯುತ್ತದೆ ಅನ್ನುವುದರ ಮೇಲೆ ಇಷ್ಟೆಲ್ಲ ನಿಂತಿದೆ.

ಬಳ್ಳಾರಿ_ಜ್ಯಾಮ್_ತಯಾರಿ

ಮೇಡಂ, ಅರ್ಧ ಸ್ಟರ್ಲಿಂಗ್ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. ಅದನ್ನು ನೋಡಿದ ಮೇಲೆ ಈ ಸೀಕ್ವೆನ್ಸ್ ನೆನಪಾಯಿತು:

ಕ(ನ) = ನ! × ಇ^ನ ÷ ನ^ನ

ಇದರ ರೇಶಿಯೋ ಇ ÷ (1 + 1/ನ)^ನ. ಇದರ ಲಿಮಿಟ್ ಕೂಡ 1. ಇದು ಎಲ್ಲಿಗೆ ಹೋಗುತ್ತದೆ?

ಗಣಿತ_ಮೇಡಂ

ಇದನ್ನೇ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಇದು ಅನಂತಕ್ಕೆ ಹೋಗುತ್ತದೆ.

(1 + 1/ನ)^ನ ಯಾವಾಗಲೂ ಇ ಗಿಂತ ಕಡಿಮೆ. ಹಾಗಾಗಿ ರೇಶಿಯೋ ಯಾವಾಗಲೂ 1ಕ್ಕಿಂತ ಜಾಸ್ತಿ, ಸೀಕ್ವೆನ್ಸ್ ಏರುತ್ತಲೇ ಇರುತ್ತದೆ. ಏರುತ್ತದೆ ಅಂದ ಮಾತ್ರಕ್ಕೆ ಅನಂತಕ್ಕೆ ಹೋಗಬೇಕಿಲ್ಲ, ಆದರೆ ಇದು ಹೋಗುತ್ತದೆ. ಕ(1) = 2.718. ಕ(10) ಸುಮಾರು 7.99. ಕ(100) ಸುಮಾರು 25.09. ಪೂರ್ತಿ ಸ್ಟರ್ಲಿಂಗ್ ಪ್ರಕಾರ ಇದು √(2 ಪೈ ನ) ಥರ ಬೆಳೆಯುತ್ತದೆ.

ಈಗ ಹಾಸನದ_ಬಿಎಸ್ಸಿ ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಪ್ರತಿ ಸಲ ಹೊಸ ಉಪಾಯ ಹುಡುಕಬೇಕಾ? ಬೇಡ. ರೇಶಿಯೋದ ಲಿಮಿಟ್ 1 ಅಂತ ಬರೆದು ಪೆನ್ ಕೆಳಗಿಡಬೇಡಿ. ಅದು 1ಕ್ಕೆ ಹೇಗೆ ಹೋಗುತ್ತದೆ ಅಂತ ನೋಡಿ. 1ರಿಂದ ಎಷ್ಟು ವ್ಯತ್ಯಾಸ ಇದೆ, ಆ ವ್ಯತ್ಯಾಸದಲ್ಲಿ 1/ನ ಭಾಗ ಎಷ್ಟು?

ಬ(ನ)ಗೆ ರೇಶಿಯೋ 1 − 1/(2ನ+2). ಅಂದರೆ ಹತ್ತಿರ ಹತ್ತಿರ 1 − (1/2)/ನ.
ಕ(ನ)ಗೆ ಲಾಗ್ ವಿಸ್ತರಿಸಿ ನೋಡಿದರೆ ಹತ್ತಿರ ಹತ್ತಿರ 1 + (1/2)/ನ.

ಒಂದರಲ್ಲಿ ಮೈನಸ್ ಅರ್ಧ, ಇನ್ನೊಂದರಲ್ಲಿ ಪ್ಲಸ್ ಅರ್ಧ. ಒಂದು 1/√ನ ಥರ ಇಳಿಯುತ್ತದೆ, ಇನ್ನೊಂದು √ನ ಥರ ಏರುತ್ತದೆ. ಫ್ಯಾಕ್ಟೋರಿಯಲ್ ಲೆಕ್ಕಗಳಲ್ಲಿ ರೇಶಿಯೋ ಹತ್ತಿರ ಹತ್ತಿರ 1 + ಗ/ನ ಆಗಿದ್ದು, ಉಳಿದದ್ದು 1/ನ² ಅಳತೆಯಲ್ಲಿ ಚಿಕ್ಕದಾಗಿದ್ದರೆ, ಸೀಕ್ವೆನ್ಸ್ ನ^ಗ ಥರ ನಡೆದುಕೊಳ್ಳುತ್ತದೆ. ಗ ಮೈನಸ್ ಆದರೆ ಸೊನ್ನೆಗೆ. ಗ ಪ್ಲಸ್ ಆದರೆ ಅನಂತಕ್ಕೆ. ಗ ಸೊನ್ನೆ ಆದರೆ ಸೊನ್ನೆಯಲ್ಲದ ಒಂದು ಲಿಮಿಟ್‌ಗೆ.

ಯಾಕೆ ಹೀಗೆ? ಎಲ್ಲವೂ 1 + 1/2 + 1/3 + 1/4 + ... ಮೇಲೆ ನಿಂತಿದೆ. ಈ ಮೊತ್ತಕ್ಕೆ ಮಿತಿ ಇಲ್ಲ ಅಂತ 14ನೇ ಶತಮಾನದಲ್ಲೇ ಫ್ರಾನ್ಸ್‌ನ ನಿಕೋಲ್ ಒರೆಮ್ ತೋರಿಸಿದ್ದರು. 1/3 + 1/4 ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರ ತನಕ ಕೂಡಿದರೆ ಮತ್ತೆ ಅರ್ಧಕ್ಕಿಂತ ಜಾಸ್ತಿ. ಹೀಗೆ ಅರ್ಧಗಳು ಸೇರುತ್ತಲೇ ಹೋಗುತ್ತವೆ.

ಗ ಪ್ಲಸ್ ಇದ್ದಾಗ (1 + ಗ/1)(1 + ಗ/2)(1 + ಗ/3)... ಬಿಡಿಸಿ ಬರೆದರೆ ಅದು 1 + ಗ × (1 + 1/2 + 1/3 + ...) ಗಿಂತ ಕಡಿಮೆ ಆಗುವುದಿಲ್ಲ. ಮೊತ್ತ ಅನಂತಕ್ಕೆ, ಗುಣಲಬ್ಧವೂ ಅನಂತಕ್ಕೆ. ಮೈನಸ್ ಇದ್ದಾಗ 1 − ಕ್ಷ ≤ ಇ^(−ಕ್ಷ) ಅನ್ನುವುದನ್ನು ಬಳಸಿ. ಗುಣಲಬ್ಧವು ಇ ಗೆ ಮೈನಸ್ ಘಾತದಲ್ಲಿ ಅದೇ ಮೊತ್ತ ಹಾಕಿದ ಬೆಲೆಗಿಂತ ಮೇಲೆ ಇರಲಾರದು. ಸೊನ್ನೆಗೆ ಹೋಗಲೇಬೇಕು.

ಬ(ನ)ಗೆ ಹಾಕಿ ನೋಡಿ. ಪ್ರತಿ ಗುಣಕ 1 − 1/(2ಟ), ಟ = 1ರಿಂದ ನ ತನಕ. ಆದ್ದರಿಂದ ಬ(ನ) ≤ ಇ^(−ಅರ್ಧ × (1 + 1/2 + ... + 1/ನ)). ಸೊನ್ನೆಗೆ ಹೋಯಿತು. ಚ(ನ) ಬೇಕಾಗಲೇ ಇಲ್ಲ.

ಹಾಸನದ_ಬಿಎಸ್ಸಿ

ಮೇಡಂ, ಇದು ನನಗೆ ಬೇಕಾಗಿದ್ದದ್ದೇ! ಗ ಸೊನ್ನೆ ಆಗುವ ಉದಾಹರಣೆಯೂ ಫ್ಯಾಕ್ಟೋರಿಯಲ್‌ನಲ್ಲೇ ಇದೆಯಾ?

ಕೋಡ್_ಬರೆಯುವವ

ಬ(ನ)ಯನ್ನೇ √ನ ಯಿಂದ ಗುಣಿಸಿ. ಓಡಿಸಿದೆ:

ನ = 1: 0.5
ನ = 2: 0.5303
ನ = 3: 0.5413
ನ = 10: 0.5572
ನ = 100: 0.5635

ಈ ಸಲ ನಿಜವಾಗಿಯೂ ನಿಲ್ಲುತ್ತಿದೆ. 1/√ಪೈ ಅಂದರೆ 0.5642.

ಗಣಿತ_ಮೇಡಂ

ಹೌದು. ಇದರ ಸಾಧನೆಯೂ ಚೊಕ್ಕ. √ನ × ಬ(ನ)ಯ ರೇಶಿಯೋವನ್ನು ವರ್ಗ ಮಾಡಿದರೆ (2ನ+1)² ÷ (4ನ(ನ+1)) ಬರುತ್ತದೆ. ಅದು 1 + 1/(4ನ(ನ+1)). 1/ನ ಭಾಗ ಇಲ್ಲವೇ ಇಲ್ಲ, ಉಳಿದಿರುವುದು 1/ನ² ಅಳತೆಯದ್ದು. ರೇಶಿಯೋ 1ಕ್ಕಿಂತ ಜಾಸ್ತಿ, ಹಾಗಾಗಿ ಏರುತ್ತದೆ. ಬ(ನ) < 1/√(2ನ+1) ಅಂತ ಮೊದಲೇ ತೋರಿಸಿದ್ದೇವೆ, ಹಾಗಾಗಿ 1/√2 ದಾಟುವುದಿಲ್ಲ. ಏರುತ್ತದೆ, ಮೇಲೆ ತಡೆ ಇದೆ, ಕನ್ವರ್ಜ್.

ಲಿಮಿಟ್ 1/√ಪೈ ಆಗಿರುವುದಕ್ಕೆ ಕಾರಣ ಜಾನ್ ವಾಲಿಸ್ 1656ರಲ್ಲಿ ಪ್ರಕಟಿಸಿದ ಗುಣಲಬ್ಧ: (2×2)/(1×3) × (4×4)/(3×5) × (6×6)/(5×7) × ... = ಪೈ/2. ಇದನ್ನು ತಲೆಕೆಳಗು ಮಾಡಿದರೆ ಬ(ನ)² × (2ನ+1) ಆಗುತ್ತದೆ. ಹಾಗಾಗಿ ಅದರ ಲಿಮಿಟ್ 2/ಪೈ.

ಹಳೆಗಣಿತ

ತಡವಾಗಿ ಬಂದೆ, ಆದರೆ ಇಷ್ಟು ಒಳ್ಳೆಯ ಚರ್ಚೆಯಲ್ಲಿ ಇತಿಹಾಸದ ಎರಡು ಮಾತು ಸೇರಿಸಲೇಬೇಕು.

(2ನ)! ÷ (ನ! × ನ!) ಅಂದರೆ 2ನ ವಸ್ತುಗಳಲ್ಲಿ ನ ವಸ್ತು ಆರಿಸುವ ವಿಧಾನಗಳ ಸಂಖ್ಯೆ. ಹೀಗೆ ಆರಿಸುವ ಲೆಕ್ಕಕ್ಕೆ ಸಾಮಾನ್ಯ ನಿಯಮ ಕೊಟ್ಟವರಲ್ಲಿ ಮಹಾವೀರಾಚಾರ್ಯರು ಮುಖ್ಯರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಅವರು ಬರೆದ ಗಣಿತಸಾರಸಂಗ್ರಹದಲ್ಲಿ ಇದು ಇದೆ. ಸಂಖ್ಯೆಗಳನ್ನು ಏರುಕ್ರಮದಲ್ಲೂ ಇಳಿಕ್ರಮದಲ್ಲೂ ಬರೆದು, ಒಂದರ ಗುಣಲಬ್ಧವನ್ನು ಇನ್ನೊಂದರ ಗುಣಲಬ್ಧದಿಂದ ಭಾಗಿಸುವ ಕ್ರಮ. ಅಲ್ಲಿನ ಒಂದು ಉದಾಹರಣೆ ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಅನ್ನುವ ಆರು ರಸಗಳನ್ನು ಬೆರೆಸುವುದರ ಬಗ್ಗೆ. ಆರರಲ್ಲಿ ಮೂರು ಆರಿಸಲು (6×5×4) ÷ (1×2×3) = 20 ವಿಧ. ಒಂದೊಂದು ರಸವನ್ನೂ ಹಾಕುವುದು ಅಥವಾ ಬಿಡುವುದು ಅಂತ ಎಣಿಸಿದರೆ ಒಟ್ಟು 64. 20/64 = 0.3125. ಮೇಲಿನ ಪಟ್ಟಿಯ ಬ(3) ಇದೇ.

ಇನ್ನೊಂದು, ಸ್ಟರ್ಲಿಂಗ್ ಬಗ್ಗೆ. ಆ ಸೂತ್ರ ಹುಟ್ಟಿದ್ದೇ ಈ ಪ್ರಶ್ನೆಯಿಂದ. ನಾಣ್ಯ_ಚಿಮ್ಮು ಅವರು ಹೇಳಿದ ಮಧ್ಯದ ಸಂಭವನೀಯತೆಯನ್ನೇ ಅಬ್ರಹಾಂ ದ ಮ್ವಾವ್ರ್ ಹುಡುಕುತ್ತಿದ್ದರು. ನ! ಬೆಳೆಯುವ ರೀತಿ, √ನ ಸಮೇತ, ಅವರಿಗೆ ಸಿಕ್ಕಿತ್ತು. ಮುಂದೆ ಬರುವ ಸ್ಥಿರ ಸಂಖ್ಯೆ √(2 ಪೈ) ಅಂತ ಗುರುತಿಸಿದ್ದು ಜೇಮ್ಸ್ ಸ್ಟರ್ಲಿಂಗ್, 1730ರ ಹೊತ್ತಿಗೆ. ನನ್ನ ಪ್ರಕಾರ ಆ ಸೂತ್ರಕ್ಕೆ ಇಬ್ಬರ ಹೆಸರೂ ಇರಬೇಕು.

ರಾಮಾನುಜನ್ ಇನ್ನೂ ನಿಖರವಾದದ್ದು ಬರೆದಿದ್ದಾರೆ: ನ! ≈ √ಪೈ × (ನ/ಇ)^ನ × (8ನ³ + 4ನ² + ನ + 1/30)^(1/6). ನ = 1 ಹಾಕಿ. ಸ್ಟರ್ಲಿಂಗ್ 0.922 ಕೊಡುತ್ತದೆ. ಇದು 1.0003 ಕೊಡುತ್ತದೆ.

ಸಂಜೆ_ಓದು

ಮಹಾವೀರರ ಆರು ರಸದ ಲೆಕ್ಕ ಇಲ್ಲಿಗೆ ಬಂದು ಸೇರುತ್ತದೆ ಅಂತ ಗೊತ್ತೇ ಇರಲಿಲ್ಲ. ಬಹಳ ಸಂತೋಷವಾಯಿತು.

ಮೇಡಂ, ಒಂದು ಸಂದೇಹ ಉಳಿದಿದೆ. ಸೀರೀಸ್‌ಗೆ ರಾಬೆ ಟೆಸ್ಟ್ ಅಂತ ಓದಿದ ನೆನಪು. ನೀವು ಹೇಳಿದ ಗ ಅದೇನಾ?

ಗಣಿತ_ಮೇಡಂ

ಅದೇ, ಆದರೆ ಗಡಿ ಬೇರೆ. ಸೀಕ್ವೆನ್ಸ್ ನ^ಗ ಥರ ಇದ್ದರೆ, ಸೀಕ್ವೆನ್ಸ್ ಸೊನ್ನೆಗೆ ಹೋಗಲು ಗ ಸೊನ್ನೆಗಿಂತ ಕೆಳಗಿದ್ದರೆ ಸಾಕು. ಸೀರೀಸ್ ಕನ್ವರ್ಜ್ ಆಗಲು ಗ ಮೈನಸ್ 1ಕ್ಕಿಂತಲೂ ಕೆಳಗಿರಬೇಕು. ರಾಬೆ ಟೆಸ್ಟ್ ಪರೀಕ್ಷಿಸುವುದು ಎರಡನೆಯದನ್ನು. ಬ(ನ)ಗೆ ಗ = ಮೈನಸ್ ಅರ್ಧ, ಎರಡು ಗಡಿಗಳ ಮಧ್ಯೆ ಬೀಳುತ್ತದೆ. ಅದಕ್ಕೇ ಸೀಕ್ವೆನ್ಸ್ ಕನ್ವರ್ಜ್, ಸೀರೀಸ್ ಡೈವರ್ಜ್. ಗ ಸರಿಯಾಗಿ ಮೈನಸ್ 1 ಆದರೆ ರಾಬೆ ಕೂಡ ಕೈಬಿಡುತ್ತದೆ.

ಹಾಸನದ_ಬಿಎಸ್ಸಿ, ನಿಮಗೆ ಒಂದು ಲೆಕ್ಕ ಕೊಡುತ್ತೇನೆ. ತ(ನ) = (3ನ)! ÷ (27^ನ × (ನ!)³). ಸೀಕ್ವೆನ್ಸ್ ಏನಾಗುತ್ತದೆ? ಸೀರೀಸ್ ಏನಾಗುತ್ತದೆ?

ಹಾಸನದ_ಬಿಎಸ್ಸಿ

ಮೇಡಂ, ಮಾಡಿದೆ, ನೋಡಿ.

ರೇಶಿಯೋ = (3ನ+1)(3ನ+2)(3ನ+3) ÷ (27(ನ+1)³). 3ನ+3 ಅಂದರೆ 3(ನ+1), ಹೊಡೆದರೆ (3ನ+1)(3ನ+2) ÷ (9(ನ+1)²) ಉಳಿಯುತ್ತದೆ. ಲಿಮಿಟ್ 1. ಪೆನ್ ಕೆಳಗಿಡಲಿಲ್ಲ.

1ರಿಂದ ವ್ಯತ್ಯಾಸ: (9ನ+7) ÷ (9(ನ+1)²). ನ ದೊಡ್ಡದಾದಾಗ ಇದು ಹತ್ತಿರ ಹತ್ತಿರ 1/ನ. ಅಂದರೆ ಗ = −1. ಸೀಕ್ವೆನ್ಸ್ ಸೊನ್ನೆಗೆ ಹೋಗಬೇಕು.

ಸಾಧನೆ: ನ ≥ 1 ಇದ್ದಾಗ (9ನ+7)/(9ನ+9) ಕಡೇ ಪಕ್ಷ 16/18, ಅಂದರೆ 8/9. ಹಾಗಾಗಿ ರೇಶಿಯೋ ≤ 1 − (8/9)/(ನ+1). ಮೇಲೆ ಹೇಳಿದ ಇ^(−ಕ್ಷ) ಮಾತು ಬಳಸಿದರೆ ಗುಣಲಬ್ಧ ಸೊನ್ನೆಗೆ ಹೋಗುತ್ತದೆ.

ಸೀರೀಸ್‌ಗೆ ಗ ಸರಿಯಾಗಿ ಗಡಿಯ ಮೇಲೆ ಇದೆ, ರಾಬೆ ಸಹಾಯ ಮಾಡುವುದಿಲ್ಲ. ಆದರೆ √ನ × ಬ(ನ) ಮಾಡಿದ ಹಾಗೆ ಇಲ್ಲಿ ನ × ತ(ನ) ತಗೊಂಡೆ. ಅದರ ರೇಶಿಯೋ (9ನ²+9ನ+2) ÷ (9ನ²+9ನ). ಇದು 1 + 2/(9ನ(ನ+1)), ಯಾವಾಗಲೂ 1ಕ್ಕಿಂತ ಜಾಸ್ತಿ. ಹಾಗಾಗಿ ನ × ತ(ನ) ಏರುತ್ತಲೇ ಇರುತ್ತದೆ. ಮೊದಲ ಪದ ತ(1) = 6/27 = 2/9. ಅಂದಮೇಲೆ ತ(ನ) ≥ (2/9) × (1/ನ). 1/ನ ಗಳ ಮೊತ್ತಕ್ಕೆ ಮಿತಿ ಇಲ್ಲ, ಹಾಗಾಗಿ ಸೀರೀಸ್ ಡೈವರ್ಜ್.

ಗಣಿತ_ಮೇಡಂ

ಪೂರ್ತಿ ಸರಿ. ಕೊನೆಯ ಭಾಗ ನಾನು ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ. ನ × ತ(ನ) ಏರುತ್ತಾ ಎಲ್ಲಿ ನಿಲ್ಲುತ್ತದೆ ಅಂತ ಪೂರ್ತಿ ಸ್ಟರ್ಲಿಂಗ್ ಹಾಕಿ ತೆಗೆಯಿರಿ. √3/(2 ಪೈ) ಬರಬೇಕು, ಸುಮಾರು 0.2757.

ಕೋಡ್_ಬರೆಯುವವ

ಓಡಿಸಿದೆ. ನ = 1ಕ್ಕೆ 0.2222, ನ = 2ಕ್ಕೆ 0.2469, ನ = 3ಕ್ಕೆ 0.2561. ಆ ಕಡೆಗೇ ಹೋಗುತ್ತಿದೆ.